ಮೆಮನ್ ವರ್ತಕರ ದಾವೆ ಮತ್ತು ಗಾಂಧೀಜಿಯವರ ವಕೀಲಿಕೆ

1893ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಒಂದು ದೊಡ್ಡ ವ್ಯಾಜ್ಯ ನಡೆಯುತ್ತಿತ್ತು. ವಾದಿ ಡರ್ಬನ್ನಿನ ದಾದಾ ಅಬ್ದುಲ್ಲಾ ಕಂಪನಿ. ಪ್ರತಿವಾದಿ ಪ್ರಿಟೋರಿಯಾದ ವರ್ತಕ ತೈಯಬ್ ಹಾಜಿ ಖಾನ್ ಮುಹಮ್ಮದ್. ಇಬ್ಬರೂ ಗುಜರಾತಿನ ಪೋರಬಂದರಿನಿಂದ ಹೋಗಿ ನೆಲೆಸಿದ ಮೆಮನ್ ಮುಸ್ಲಿಮರು, ಪರಸ್ಪರ ಹತ್ತಿರದ ಸಂಬಂಧಿಕರು. ದಾವೆಯ ಮೊತ್ತ 40,000 ಪೌಂಡು. ಆ ಕಾಲಕ್ಕೆ ಅದು ಒಂದು ವ್ಯಾಪಾರಿ ಮನೆತನವನ್ನೇ ಎತ್ತಬಲ್ಲ, ಇಲ್ಲವೇ ಮುಳುಗಿಸಬಲ್ಲ ಹಣ.

ಮೋಹನದಾಸ ಗಾಂಧಿ ಎಂಬ 23 ವರ್ಷದ ತರುಣ ಬ್ಯಾರಿಸ್ಟರ್ ಹಡಗು ಹತ್ತಿದ್ದು ಈ ದಾವೆಗಾಗಿ. ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದ ಚಳಿಯಲ್ಲಿ ಅವರನ್ನು ಮೊದಲ ದರ್ಜೆಯ ಡಬ್ಬಿಯಿಂದ ಹೊರದಬ್ಬಿದ ಪ್ರಸಂಗ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಆದರೆ ಅವರು ಹೊರಟಿದ್ದುದು ಎಲ್ಲಿಗೆ, ಯಾರ ಕೆಲಸಕ್ಕೆ, ಆ ಕೆಲಸ ಕೊನೆಗೆ ಏನಾಯಿತು ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ರೈಲಿನ ಘಟನೆ ಗಾಂಧೀಜಿಯವರಲ್ಲಿ ಹೋರಾಟಗಾರನನ್ನು ಎಬ್ಬಿಸಿತು ಎನ್ನುವುದು ನಿಜ. ಅವರಲ್ಲಿದ್ದ ವಕೀಲನನ್ನು ರೂಪಿಸಿದ್ದು ಮಾತ್ರ ಈ ಇಬ್ಬರು ಮೆಮನ್ ಸೇಠರ ಲೆಕ್ಕದ ಪುಸ್ತಕಗಳು.

ದಕ್ಷಿಣ ಆಫ್ರಿಕಾಕ್ಕೆ ಹೋಗುವ ಮುನ್ನ ಗಾಂಧೀಜಿಯವರ ವಕೀಲಿಕೆಯ ಸ್ಥಿತಿ ಹೇಗಿತ್ತು ಎಂಬುದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಏನನ್ನೂ ಮುಚ್ಚಿಡದೆ ಬರೆದಿದ್ದಾರೆ. 1888ರಲ್ಲಿ ಲಂಡನ್ನಿಗೆ ಹೋಗಿ ಇನ್ನರ್ ಟೆಂಪಲ್ ಎಂಬ ವಕೀಲರ ಸಂಸ್ಥೆಯನ್ನು ಸೇರಿದರು. ಆಗಿನ ನಿಯಮ ವಿಚಿತ್ರವಾಗಿತ್ತು. ಪರೀಕ್ಷೆಗಳನ್ನು ಮುಗಿಸುವುದರ ಜೊತೆಗೆ ಸುಮಾರು ಮೂರು ವರ್ಷಗಳ ಕಾಲ ಸಂಸ್ಥೆಯ ನಿಗದಿತ ಔತಣಗಳಿಗೆ ಹಾಜರಾಗಬೇಕಿತ್ತು. ಪರೀಕ್ಷೆ ಸುಲಭವಾದುದರಿಂದ ಹೆಚ್ಚಿನವರು ಮಾರುಕಟ್ಟೆಯಲ್ಲಿ ಸಿಗುವ ಟಿಪ್ಪಣಿಗಳನ್ನು ಉರುಹೊಡೆದು ಪಾಸಾಗುತ್ತಿದ್ದರು. ಗಾಂಧೀಜಿಯವರು ಹಾಗೆ ಮಾಡದೆ ಮೂಲ ಪುಸ್ತಕಗಳನ್ನೇ ಕೊಂಡು ಓದಿದರು. ರೋಮನ್ ಕಾನೂನನ್ನು ಲ್ಯಾಟಿನ್ ಭಾಷೆಯಲ್ಲಿ ಓದಿದರು. ಇಂಗ್ಲೆಂಡಿನ ಸಾಮಾನ್ಯ ಕಾನೂನಿಗೆ ಒಂಬತ್ತು ತಿಂಗಳು ಶ್ರಮಿಸಿದರು. 1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು, 11ರಂದು ಹೈಕೋರ್ಟಿನಲ್ಲಿ ಹೆಸರು ನೋಂದಾಯಿಸಿದರು, 12ರಂದು ಊರಿಗೆ ಹೊರಟರು.

ಇಷ್ಟೆಲ್ಲ ಓದಿದರೂ ಒಂದು ದಾವೆಯ ಅರ್ಜಿಯನ್ನು ಬರೆಯುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ. ಹಿಂದೂ ಕಾನೂನಾಗಲಿ ಮುಸ್ಲಿಮ್ ಕಾನೂನಾಗಲಿ ಅವರಿಗೆ ಗೊತ್ತಿರಲಿಲ್ಲ. ಮುಂಬಯಿಗೆ ಬಂದು ಹೈಕೋರ್ಟಿನಲ್ಲಿ ಕುಳಿತು ಇತರರ ವಾದ ಕೇಳುವಾಗ ತೂಕಡಿಕೆ ಬರುತ್ತಿತ್ತು. ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮಮೀಬಾಯಿ ಎಂಬ ಮಹಿಳೆಯ ಪರವಾಗಿ 30 ರೂಪಾಯಿಗೆ ಮೊದಲ ವಕಾಲತ್ತು ದೊರೆಯಿತು. ಕಕ್ಷಿದಾರರನ್ನು ಕರೆತರುವ ದಲ್ಲಾಳಿಗೆ ಕಮಿಷನ್ ಕೊಡಲು ನಿರಾಕರಿಸಿ ಪಡೆದ ಕೆಲಸವದು. ಎದುರಾಳಿಯ ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಎದ್ದು ನಿಂತಾಗ ತಲೆ ತಿರುಗಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಶುಲ್ಕವನ್ನು ಹಿಂದಿರುಗಿಸಿ ನ್ಯಾಯಾಲಯದಿಂದ ಹೊರಬಂದರು. ಬಳಿಕ ಒಂದು ಪ್ರೌಢಶಾಲೆಯಲ್ಲಿ ದಿನಕ್ಕೊಂದು ಗಂಟೆ ಇಂಗ್ಲಿಷ್ ಕಲಿಸುವ, 75 ರೂಪಾಯಿ ಸಂಬಳದ ಕೆಲಸಕ್ಕೆ ಅರ್ಜಿ ಹಾಕಿದರು. ಪದವೀಧರರಲ್ಲ ಎಂಬ ಕಾರಣಕ್ಕೆ ಅದೂ ದೊರೆಯಲಿಲ್ಲ. ನಮ್ಮಂತಹ ಶಿಕ್ಷಕರಿಗೆ ಈ ಪ್ರಸಂಗ ಓದುವಾಗ ಸ್ವಲ್ಪ ನಗು ಬರುತ್ತದೆ. ಆ ಶಾಲೆಯವರು ಅಂದು ಕೆಲಸ ಕೊಟ್ಟಿದ್ದರೆ ಚರಿತ್ರೆಯ ಪುಸ್ತಕದ ಎಷ್ಟು ಪುಟಗಳು ಬದಲಾಗುತ್ತಿದ್ದವೋ.

ಆರು ತಿಂಗಳಾದ ಮೇಲೆ ಮುಂಬಯಿ ಬಿಟ್ಟು ರಾಜಕೋಟೆಗೆ ಬಂದು ಅರ್ಜಿ, ಮನವಿಗಳನ್ನು ಬರೆದುಕೊಡತೊಡಗಿದರು. ತಿಂಗಳಿಗೆ ಸುಮಾರು 300 ರೂಪಾಯಿ ಬರುತ್ತಿತ್ತು. ಈ ಕೆಲಸ ಬಂದುದು ತಮ್ಮ ಸಾಮರ್ಥ್ಯದಿಂದಲ್ಲ, ಅಣ್ಣನ ಜೊತೆ ಕೆಲಸ ಮಾಡುತ್ತಿದ್ದ ವಕೀಲರ ಪ್ರಭಾವದಿಂದ ಎಂದು ಅವರೇ ಹೇಳುತ್ತಾರೆ. ಕಮಿಷನ್ ಕೊಡುವುದಿಲ್ಲ ಎಂಬ ಮುಂಬಯಿಯ ನಿಲುವನ್ನೂ ಅಲ್ಲಿ ಸಡಿಲಿಸಬೇಕಾಯಿತು. ಆಗಲೇ ಪೋರಬಂದರಿನ ಮೆಮನ್ ಸಂಸ್ಥೆಯಿಂದ ಅಣ್ಣನಿಗೆ ಪತ್ರ ಬಂತು. ದಕ್ಷಿಣ ಆಫ್ರಿಕಾದಲ್ಲಿ ತಮ್ಮದೊಂದು ದೊಡ್ಡ ಮೊಕದ್ದಮೆಯಿದೆ, ಒಳ್ಳೆಯ ವಕೀಲರನ್ನು ನೇಮಿಸಿದ್ದೇವೆ, ನಿಮ್ಮ ತಮ್ಮನನ್ನು ಕಳುಹಿಸಿದರೆ ಆ ವಕೀಲರಿಗೆ ವಿಷಯ ತಿಳಿಸಿಕೊಡಲು ಅನುಕೂಲವಾಗುತ್ತದೆ ಎಂಬುದು ಅದರ ಸಾರ. ಹೋಗಿಬರುವ ಮೊದಲ ದರ್ಜೆಯ ಪ್ರಯಾಣ, ಊಟ ವಸತಿ, ಒಂದು ವರ್ಷಕ್ಕೆ 105 ಪೌಂಡು. ಹೀಗೆ ಹೋಗುವುದು ಬ್ಯಾರಿಸ್ಟರನಾಗಿ ಅಲ್ಲ, ಸಂಸ್ಥೆಯ ನೌಕರನಾಗಿ ಎಂಬುದು ಗಾಂಧೀಜಿಯವರಿಗೆ ಸ್ಪಷ್ಟವಾಗಿತ್ತು. ಆದರೂ ಒಪ್ಪಿಕೊಂಡು 1893ರ ಏಪ್ರಿಲಿನಲ್ಲಿ ಹಡಗು ಹತ್ತಿದರು.

ಡರ್ಬನ್ನಿನಲ್ಲಿ ಅವರನ್ನು ಎದುರುಗೊಂಡ ಅಬ್ದುಲ್ಲಾ ಸೇಠ್ ನಮ್ಮ ಓದುಗರು ತಿಳಿದಿರಬೇಕಾದ ವ್ಯಕ್ತಿ. ಅವರಿಗೆ ಅಕ್ಷರಜ್ಞಾನ ಬಹಳ ಕಡಿಮೆ, ಆದರೆ ಬುದ್ಧಿ ಚುರುಕು, ಅನುಭವ ಅಪಾರ. ವ್ಯವಹಾರಕ್ಕೆ ಬೇಕಾದಷ್ಟು ಇಂಗ್ಲಿಷನ್ನು ಮಾತನಾಡುತ್ತಲೇ ಕಲಿತಿದ್ದರು. ಬ್ಯಾಂಕಿನ ಅಧಿಕಾರಿಗಳೊಡನೆ, ಯುರೋಪಿನ ವರ್ತಕರೊಡನೆ ಅದರಲ್ಲೇ ವ್ಯವಹರಿಸುತ್ತಿದ್ದರು. ಅರಬಿ ಭಾಷೆ ಬರದಿದ್ದರೂ ಪವಿತ್ರ ಕುರ್‌ಆನಿನ ಮತ್ತು ಇಸ್ಲಾಮೀ ಸಾಹಿತ್ಯದ ಪರಿಚಯ ಚೆನ್ನಾಗಿತ್ತು. ಇಸ್ಲಾಮಿನ ತತ್ವಗಳ ಬಗ್ಗೆ ಮಾತನಾಡುವುದೆಂದರೆ ಅವರಿಗೆ ಬಲು ಇಷ್ಟ. ಇಸ್ಲಾಮಿನ ವಿಷಯದಲ್ಲಿ ತಮಗೆ ಒಂದಿಷ್ಟು ಪ್ರಾಯೋಗಿಕ ತಿಳಿವಳಿಕೆ ಬಂದುದು ಅವರ ಸಹವಾಸದಿಂದ ಎಂದು ಗಾಂಧೀಜಿಯವರು ಸ್ಮರಿಸಿದ್ದಾರೆ. ಊರಿನಿಂದ ಬಂದ ಈ ಯುರೋಪಿಯನ್ ಉಡುಪಿನ ಹುಡುಗನಿಗೆ ಏನು ಕೆಲಸ ಕೊಡುವುದೆಂದು ಸೇಠರಿಗೆ ಮೊದಲು ತಿಳಿಯಲಿಲ್ಲ. ಪ್ರಿಟೋರಿಯಾಕ್ಕೆ ಕಳುಹಿಸಿದರೆ ಪ್ರತಿವಾದಿಗಳು ಒಲಿಸಿಕೊಂಡುಬಿಟ್ಟಾರು ಎಂಬ ಅನುಮಾನವೂ ಇತ್ತು. ಹಣ ಕೊಟ್ಟು ವಕೀಲನನ್ನು ಕರೆಸಿಕೊಂಡ ಯಾವ ವ್ಯಾಪಾರಿಗೂ ಬರಬಹುದಾದ ಅನುಮಾನವದು.

ದಾವೆಯ ಕಾಗದಗಳನ್ನು ಬಿಚ್ಚಿದಾಗ ಬ್ಯಾರಿಸ್ಟರರಿಗೆ ಗಾಬರಿಯಾಯಿತು. ಪುಟಪುಟಗಳಲ್ಲೂ ಜಮಾ, ಖರ್ಚು, ಬಾಕಿ. ದಾರಿಯಲ್ಲಿ ಜಾಂಜಿಬಾರಿನ ನ್ಯಾಯಾಲಯದಲ್ಲಿ ಒಬ್ಬ ಪಾರ್ಸಿ ವಕೀಲರು ಸಾಕ್ಷಿಯನ್ನು ಜಮಾಖರ್ಚಿನ ಬಗ್ಗೆ ಪ್ರಶ್ನಿಸುತ್ತಿದ್ದುದನ್ನು ನೋಡಿದ್ದರು, ಆಗಲೂ ಒಂದಕ್ಷರ ಅರ್ಥವಾಗಿರಲಿಲ್ಲ. ಈಗ ಅಂಗಡಿಯ ಗುಮಾಸ್ತ ವಿವರಿಸುತ್ತ ಹೋದಂತೆ ಗೊಂದಲ ಹೆಚ್ಚಿತು. ‘ಪಿ. ನೋಟು’ ಎಂದರೇನೆಂದು ತಿಳಿಯದೆ ನಿಘಂಟು ತೆರೆದರು, ಸಿಗಲಿಲ್ಲ. ಕೊನೆಗೆ ಗುಮಾಸ್ತನನ್ನೇ ಕೇಳಿದರು. ಅದು ಪ್ರಾಮಿಸರಿ ನೋಟು, ಅಂದರೆ ಹಣ ಕೊಡುವೆನೆಂದು ಬರೆದುಕೊಟ್ಟ ವಚನಪತ್ರ. ಕೂಡಲೇ ಲೆಕ್ಕ ಬರೆಯುವ ವಿಧಾನದ ಪುಸ್ತಕವೊಂದನ್ನು ಕೊಂಡು ಓದಿದರು. ಲಂಡನ್ನಿನಿಂದ ಬಂದ ಬ್ಯಾರಿಸ್ಟರ್ ಅಂಗಡಿಯ ಗುಮಾಸ್ತನ ಮುಂದೆ ಶಿಷ್ಯನಾಗಿ ಕುಳಿತದ್ದು ನನಗೆ ಈ ಇಡೀ ಕಥೆಯಲ್ಲಿ ಬಹಳ ಮೆಚ್ಚುಗೆಯಾದ ಭಾಗ.

ಪ್ರಿಟೋರಿಯಾಕ್ಕೆ ಹೊರಡುವ ಮುನ್ನವೇ, ಸಾಧ್ಯವಾದರೆ ನ್ಯಾಯಾಲಯದ ಹೊರಗೇ ರಾಜಿ ಮಾಡಿಸಲು ಯತ್ನಿಸುವೆನೆಂದು ಗಾಂಧೀಜಿಯವರು ಹೇಳಿದ್ದರು. ಸೇಠರು ಬೇಡವೆನ್ನಲಿಲ್ಲ. ಆದರೆ ತೈಯಬ್ ಸೇಠ್ ತಮ್ಮ ಸಂಬಂಧಿಕರಾದುದರಿಂದ ಅವರ ಸ್ವಭಾವ ತಮಗೆ ಗೊತ್ತು, ಸುಲಭವಾಗಿ ರಾಜಿಗೆ ಬರುವವರಲ್ಲ, ಎಚ್ಚರಿಕೆಯಿಂದಿರಿ ಎಂದರು.

ಪ್ರಿಟೋರಿಯಾದಲ್ಲಿ ಅಬ್ದುಲ್ಲಾ ಸೇಠರ ಅಟಾರ್ನಿ ಎ. ಡಬ್ಲ್ಯೂ. ಬೇಕರ್. ನ್ಯಾಯಾಲಯದಲ್ಲಿ ವಾದಿಸಲು ಬೇರೆ ಬ್ಯಾರಿಸ್ಟರರಿದ್ದಾರೆ, ನಿಮ್ಮಿಂದ ಮಾಹಿತಿ ಮತ್ತು ಪತ್ರವ್ಯವಹಾರಕ್ಕೆ ಮಾತ್ರ ಸಹಾಯ ಬೇಕು ಎಂದು ಅವರು ಮೊದಲ ದಿನವೇ ತಿಳಿಸಿದರು. ಈ ಕೆಳಗಿನ ಸ್ಥಾನವೇ ಗಾಂಧೀಜಿಯವರಿಗೆ ದೊಡ್ಡ ಪಾಠಶಾಲೆಯಾಯಿತು. ಗುಜರಾತಿಯಲ್ಲಿದ್ದ ಪತ್ರಗಳನ್ನೆಲ್ಲ ಇಂಗ್ಲಿಷಿಗೆ ತಂದರು, ಲೆಕ್ಕಗಳನ್ನು ಒಂದೊಂದಾಗಿ ತಾಳೆ ನೋಡಿದರು, ಅಟಾರ್ನಿಗಾಗಿ ವಾದಿಯ ಪಕ್ಷವನ್ನು ಸಿದ್ಧಪಡಿಸಿದರು. ತಾವು ಬರೆದುದರಲ್ಲಿ ಅಟಾರ್ನಿ ಎಷ್ಟನ್ನು ಉಳಿಸಿಕೊಂಡರು, ಎಷ್ಟನ್ನು ಬಿಟ್ಟರು, ಅದರಲ್ಲಿ ಬ್ಯಾರಿಸ್ಟರ್ ಎಷ್ಟನ್ನು ಬಳಸಿದರು ಎಂಬುದನ್ನು ಗಮನಿಸುತ್ತಲೇ ಕಲಿತರು. ಕಾನೂನಿನ ಮುಕ್ಕಾಲು ಪಾಲು ವಾಸ್ತವಾಂಶಗಳೇ ಎಂದು ಲಂಡನ್ನಿನಲ್ಲಿ ಹಿರಿಯರೊಬ್ಬರು ಹೇಳಿದ್ದ ಮಾತಿನ ಅರ್ಥ ಆಗ ಹೊಳೆಯಿತು. ನಡೆದದ್ದೇನೆಂದು ಸರಿಯಾಗಿ ತಿಳಿದುಕೊಂಡರೆ ಕಾನೂನು ತಾನಾಗಿ ಅದರ ಹಿಂದೆ ಬರುತ್ತದೆ ಎಂಬುದು ಮುಂದೆ ಅವರ ವಕೀಲಿಕೆಯ ತಳಹದಿಯಾಯಿತು.

ಅದೇ ಊರಿನಲ್ಲಿ, ಸೇಠ್ ಹಾಜಿ ಮುಹಮ್ಮದ್ ಹಾಜಿ ಜೂಸಬರ ಮನೆಯಲ್ಲಿ, ಬಹುಪಾಲು ಮೆಮನ್ ವರ್ತಕರೇ ಸೇರಿದ್ದ ಸಭೆಯಲ್ಲಿ ಅವರು ಬದುಕಿನ ಮೊದಲ ಸಾರ್ವಜನಿಕ ಭಾಷಣ ಮಾಡಿದರು. ವಿಷಯ ವ್ಯಾಪಾರದಲ್ಲಿ ಸತ್ಯ. ವ್ಯಾಪಾರ ಬೇರೆ, ಧರ್ಮ ಬೇರೆ ಎನ್ನುವವರನ್ನು ಉದ್ದೇಶಿಸಿ ಆಡಿದ ಮಾತುಗಳವು. ಮುಂಬಯಿಯಲ್ಲಿ ಬಾಯಿ ಕಟ್ಟಿಹೋಗಿದ್ದ ವಕೀಲ ಇಲ್ಲಿ ನಮ್ಮವರ ಅಂಗಳದಲ್ಲಿ ನಿಂತು ಅವರಿಗೇ ಸತ್ಯವಂತಿಕೆಯ ಬಗ್ಗೆ ಹೇಳಿದರು, ಅವರು ಕುಳಿತು ಕೇಳಿದರು.

ಇನ್ನು ದಾವೆಯ ವಿಷಯ. ಕೇಳಿದ ಹಣದಲ್ಲಿ ಒಂದು ಭಾಗ ಪ್ರಾಮಿಸರಿ ನೋಟುಗಳ ಮೇಲಿನದು. ಇನ್ನೊಂದು ಭಾಗ, ನೋಟು ಬರೆದುಕೊಡುವೆನೆಂದು ಆಡಿದ ಮಾತನ್ನು ನೆರವೇರಿಸಬೇಕೆಂಬುದು. ನೋಟುಗಳನ್ನು ಮೋಸದಿಂದ ಪಡೆಯಲಾಗಿದೆ, ಅವುಗಳಿಗೆ ತಕ್ಕ ಪ್ರತಿಫಲ ಸಂದಿಲ್ಲ ಎಂಬುದು ಪ್ರತಿವಾದಿಯ ವಾದ. ಕಾಗದಗಳನ್ನೆಲ್ಲ ಓದಿ ಮುಗಿಸಿದಾಗ ತಮ್ಮ ಕಕ್ಷಿದಾರರ ಪಕ್ಷ ಬಲವಾಗಿದೆ, ಕಾನೂನು ಅವರ ಕಡೆಗಿದೆ ಎಂಬುದು ಗಾಂಧೀಜಿಯವರಿಗೆ ಖಚಿತವಾಯಿತು. ಸಾಮಾನ್ಯವಾಗಿ ವಕೀಲನು ಇಲ್ಲಿಂದ ಮುಂದೆ ಗೆಲುವಿನ ಬಗ್ಗೆಯೇ ಯೋಚಿಸುತ್ತಾನೆ. ಅವರು ಯೋಚಿಸಿದ್ದು ಬೇರೆ. ದಾವೆ ಹೀಗೆಯೇ ಮುಂದುವರಿದರೆ ಒಂದೇ ಊರಿನ, ಒಂದೇ ಬಳಗದ ಈ ಇಬ್ಬರೂ ಹಾಳಾಗುತ್ತಾರೆ. ಎರಡು ಕಡೆಯಲ್ಲೂ ಹೆಸರಾಂತ ವಕೀಲರು. ಅವರ ಶುಲ್ಕ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿತ್ತು. ವರ್ತಕರಿಬ್ಬರಿಗೂ ಬೇರೆ ಕೆಲಸಕ್ಕೆ ಸಮಯವಿಲ್ಲ, ಮನಸ್ಸಿನಲ್ಲಿ ಕಹಿ ಮಾತ್ರ ಹೆಚ್ಚುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಗೆದ್ದವನಿಗೆ ಸೋತವನಿಂದ ಖರ್ಚು ಸಿಗುತ್ತದಲ್ಲ ಎಂದು ನಾವು ತಿಳಿದುಕೊಂಡಿರುತ್ತೇವೆ. ಆದರೆ ಎದುರು ಪಕ್ಷದಿಂದ ವಸೂಲು ಮಾಡಬಹುದಾದ ಖರ್ಚಿಗೆ ನಿಯಮದ ಪ್ರಕಾರ ಒಂದು ದರವಿತ್ತು. ಕಕ್ಷಿದಾರ ತನ್ನ ವಕೀಲನಿಗೆ ನಿಜವಾಗಿ ಕೊಡುವ ಹಣ ಅದಕ್ಕಿಂತ ಬಹಳ ಹೆಚ್ಚು. ಅಂದರೆ ಗೆದ್ದರೂ ವ್ಯತ್ಯಾಸದ ಹಣ ಗೆದ್ದವನ ಕೈಯಿಂದಲೇ ಹೋಗುತ್ತಿತ್ತು. ಈ ಲೆಕ್ಕವನ್ನು ಕಂಡಾಗ ವೃತ್ತಿಯ ಬಗ್ಗೆ ತಮಗೆ ಜಿಗುಪ್ಸೆ ಬಂತೆಂದು ಗಾಂಧೀಜಿಯವರು ಬರೆಯುತ್ತಾರೆ. ಅವರು ತೈಯಬ್ ಸೇಠರ ಬಳಿಗೆ ಹೋಗಿ, ಇಬ್ಬರಿಗೂ ನಂಬಿಕೆಯಿರುವ ಒಬ್ಬ ಮಧ್ಯಸ್ಥನನ್ನು ಒಪ್ಪಿಕೊಳ್ಳುವಂತೆ ಕೇಳಿಕೊಂಡರು. ಬಹಳ ಶ್ರಮಪಟ್ಟ ಮೇಲೆ ತೈಯಬ್ ಸೇಠ್ ಒಪ್ಪಿದರು. ಮಧ್ಯಸ್ಥನ ಮುಂದೆ ವಿಚಾರಣೆ ನಡೆದು ಅಬ್ದುಲ್ಲಾ ಸೇಠರಿಗೆ ಜಯವಾಯಿತು. ತೈಯಬ್ ಸೇಠ್ ಕೊಡಬೇಕಾದ ಮೊತ್ತ ಸುಮಾರು 37,000 ಪೌಂಡು ಮತ್ತು ಖರ್ಚು.

ಬೇರೆ ವಕೀಲನಾಗಿದ್ದರೆ ಕೆಲಸ ಇಲ್ಲಿಗೆ ಮುಗಿದಿತ್ತು. ಆದರೆ ಅಷ್ಟು ಹಣವನ್ನು ಒಮ್ಮೆಲೇ ಕೊಡುವುದು ತೈಯಬ್ ಸೇಠರಿಗೆ ಅಸಾಧ್ಯವಾಗಿತ್ತು. ತೀರ್ಪನ್ನು ಕೂಡಲೇ ಜಾರಿ ಮಾಡಿಸಿದರೆ ಅವರು ದಿವಾಳಿಯೇ. ದಕ್ಷಿಣ ಆಫ್ರಿಕಾದಲ್ಲಿದ್ದ ಪೋರಬಂದರಿನ ಮೆಮನರಲ್ಲಿ ದಿವಾಳಿಯಾಗುವುದಕ್ಕಿಂತ ಸಾವು ಮೇಲು ಎಂಬ ಬರೆಯದ ಕಾನೂನೊಂದಿತ್ತು. ತೈಯಬ್ ಸೇಠ್ ಹಣ ಕಡಿಮೆ ಮಾಡಿ ಎಂದು ಕೇಳಲಿಲ್ಲ. ಒಂದು ಪೈಯೂ ಉಳಿಸದೆ ಕೊಡುವೆ, ದಿವಾಳಿಯೆಂಬ ಹೆಸರು ಮಾತ್ರ ಬೇಡ ಎಂಬುದು ಅವರ ಹಟ. ಉಳಿದ ದಾರಿ ಒಂದೇ, ದೀರ್ಘಕಾಲದ ಕಂತುಗಳು. ಆದುದರಿಂದ ಗಾಂಧೀಜಿಯವರು ಈಗ ತಮ್ಮ ಕಕ್ಷಿದಾರರ ಕಡೆಗೆ ತಿರುಗಬೇಕಾಯಿತು. ಗೆದ್ದ ಅಬ್ದುಲ್ಲಾ ಸೇಠರನ್ನು ಬಹಳ ವರ್ಷಗಳ ಕಂತಿಗೆ ಒಪ್ಪಿಸುವುದು ಎದುರಾಳಿಯನ್ನು ಮಧ್ಯಸ್ಥಿಕೆಗೆ ಒಪ್ಪಿಸುವುದಕ್ಕಿಂತ ಕಷ್ಟವಾಯಿತಂತೆ. ಕೊನೆಗೆ ಸೇಠರು ಒಪ್ಪಿದರು. ಇಬ್ಬರಿಗೂ ಸಮಾಧಾನವಾಯಿತು, ಸಮುದಾಯದಲ್ಲಿ ಇಬ್ಬರ ಗೌರವವೂ ಹೆಚ್ಚಿತು.

ಮದ್ರಸದಲ್ಲಿ ಹದೀಸ್ ಓದಿದವರಿಗೆ ಇಲ್ಲಿ ಒಂದು ಪ್ರಸಂಗ ನೆನಪಾಗದೆ ಇರದು. ಪ್ರವಾದಿವರ್ಯರ(ಸ) ಮಸೀದಿಯಲ್ಲಿ ಕಅಬ್ ಬಿನ್ ಮಾಲಿಕ್(ರ) ತಮಗೆ ಬರಬೇಕಾದ ಸಾಲವನ್ನು ಇಬ್ನು ಅಬೀ ಹದ್ರದ್(ರ) ಅವರಲ್ಲಿ ಕೇಳಿದಾಗ ಇಬ್ಬರ ದನಿಯೂ ಏರಿತು. ಪ್ರವಾದಿವರ್ಯರು(ಸ) ಕೋಣೆಯ ಪರದೆ ಸರಿಸಿ, ಅರ್ಧವನ್ನು ಬಿಟ್ಟುಬಿಡುವಂತೆ ಕಅಬರಿಗೆ ಸನ್ನೆ ಮಾಡಿದರು. ಕಅಬ್ ಒಪ್ಪಿದ ಕೂಡಲೇ, ಎದ್ದು ಉಳಿದುದನ್ನು ತೀರಿಸುವಂತೆ ಸಾಲಗಾರನಿಗೆ ಆಜ್ಞೆಯಾಯಿತು. ಅಲ್ಲಿ ಸಾಲಿಗನು ಮೊತ್ತದಲ್ಲಿ ಬಿಟ್ಟುಕೊಟ್ಟ, ಪ್ರಿಟೋರಿಯಾದಲ್ಲಿ ಕಾಲದಲ್ಲಿ ಬಿಟ್ಟುಕೊಟ್ಟ. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಅವಕಾಶ ಕೊಡಬೇಕೆಂಬ ನಿರ್ದೇಶನ ಸೂರಃ ಅಲ್ ಬಕರದಲ್ಲಿದೆ. ಗಾಂಧೀಜಿಯವರು ಇದನ್ನು ನೋಡಿ ಹಾಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ಸುಲ್ಹ್ ಎಂಬ ಪದವನ್ನು ಬಾಲ್ಯದಿಂದ ಕೇಳಿ ಬೆಳೆದ ಇಬ್ಬರು ವರ್ತಕರಿಗೆ ಆ ಸಲಹೆ ಹೊಸ ಭಾಷೆಯಂತೆ ಕೇಳಿಸಿರಲಾರದು ಎಂಬುದಷ್ಟೇ ನನ್ನ ಊಹೆ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಶ್ರೇಯವನ್ನೆಲ್ಲ ವಕೀಲರಿಗೆ ಕೊಡುತ್ತಾರೆ. ನನ್ನ ದೃಷ್ಟಿಯಲ್ಲಿ ಅಬ್ದುಲ್ಲಾ ಸೇಠರ ಪಾಲು ಅದಕ್ಕೆ ಕಡಿಮೆಯದಲ್ಲ. ತೀರ್ಪು ಕೈಯಲ್ಲಿತ್ತು, ತಮ್ಮನ್ನು ಮೋಸಗಾರನೆಂದು ಕರೆದ ಬಂಧು ಎದುರಿಗಿದ್ದರು, ಒಂದು ಸಹಿ ಹಾಕಿದ್ದರೆ ಅವರ ಅಂಗಡಿಗೆ ಬೀಗ ಬೀಳುತ್ತಿತ್ತು. ಆ ಸಹಿ ಹಾಕದಿರಲು ಅವರು ಒಪ್ಪಿದ್ದರಿಂದಲೇ ವಕೀಲರ ಪ್ರಯತ್ನ ಫಲಿಸಿತು. ನಮ್ಮ ಊರುಗಳಲ್ಲಿ ತಂದೆ ಬಿಟ್ಟುಹೋದ ಒಂದು ಅಂಗಡಿಯ ಪಾಲಿಗಾಗಿ ಅಣ್ಣತಮ್ಮಂದಿರು ಹೂಡಿದ ದಾವೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯದೆ, ಈದ್ ದಿನ ಒಂದೇ ಸಫ್‌ನಲ್ಲಿ ನಿಂತವರು ಸಲಾಮ್ ಹೇಳದೆ ಹೊರಡುವುದನ್ನು ನೋಡಿದವರಿಗೆ ಆ ಒಪ್ಪಿಗೆಯ ಬೆಲೆ ತಿಳಿಯುತ್ತದೆ.

ಒಡೆದುಹೋದವರನ್ನು ಸೇರಿಸುವುದೇ ವಕೀಲನ ನಿಜವಾದ ಕೆಲಸ ಎಂಬುದನ್ನು ಗಾಂಧೀಜಿಯವರು ಈ ದಾವೆಯಿಂದ ಕಲಿತರು. ಮುಂದಿನ ಇಪ್ಪತ್ತು ವರ್ಷಗಳ ವಕೀಲಿಕೆಯಲ್ಲಿ ಹೆಚ್ಚಿನ ಸಮಯ ನೂರಾರು ಮೊಕದ್ದಮೆಗಳಲ್ಲಿ ರಾಜಿ ಮಾಡಿಸುವುದರಲ್ಲೇ ಕಳೆಯಿತು, ಅದರಿಂದ ತಮಗೆ ಹಣದಲ್ಲೂ ನಷ್ಟವಾಗಲಿಲ್ಲ ಎಂದು ಹೇಳಿಕೊಂಡಿದ್ದಾರೆ.

1894ರಲ್ಲಿ ಒಪ್ಪಂದದ ಅವಧಿ ಮುಗಿದು ಊರಿಗೆ ಹೊರಟವರನ್ನು ಭಾರತೀಯರ ಮತದಾನದ ಹಕ್ಕನ್ನು ಕಸಿಯುವ ಮಸೂದೆಯ ಸುದ್ದಿ ತಡೆಯಿತು. ಸಾರ್ವಜನಿಕ ಕೆಲಸಕ್ಕೆ ಹಣ ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ. ಆಗ ಸುಮಾರು ಇಪ್ಪತ್ತು ಮಂದಿ ವರ್ತಕರು ತಮ್ಮ ಕಾನೂನಿನ ಕೆಲಸವನ್ನು ಅವರಿಗೆ ವಹಿಸಿ ಒಂದು ವರ್ಷದ ಶುಲ್ಕವನ್ನು ಮುಂಗಡವಾಗಿ ಕೊಟ್ಟರು. ಅಬ್ದುಲ್ಲಾ ಸೇಠ್ ಬೀಳ್ಕೊಡುಗೆಗೆಂದು ಇಟ್ಟಿದ್ದ ಹಣದಿಂದ ಮನೆಗೆ ಮೇಜು ಕುರ್ಚಿಗಳನ್ನು ಕೊಡಿಸಿದರು. ನಟಾಲಿನ ವಕೀಲರ ಸಂಘ ಬಿಳಿಯನಲ್ಲದವನನ್ನು ಸೇರಿಸಿಕೊಳ್ಳಲು ವಿರೋಧಿಸಿತು, ಸುಪ್ರೀಂ ಕೋರ್ಟು ಆ ವಿರೋಧವನ್ನು ತಳ್ಳಿಹಾಕಿತು.

ಬಡವರ ಮೊಕದ್ದಮೆಗಳಲ್ಲೂ ಅವರ ರೀತಿ ಇದೇ. ಬಾಲಸುಂದರಂ ಎಂಬ ತಮಿಳು ಕರಾರು ಕೂಲಿ, ಯಜಮಾನ ಹೊಡೆದು ಮುಂದಿನ ಎರಡು ಹಲ್ಲು ಮುರಿದ ಸ್ಥಿತಿಯಲ್ಲಿ, ರುಮಾಲನ್ನು ಕೈಯಲ್ಲಿ ಹಿಡಿದು ಅಳುತ್ತ ಬಂದ. ಮೊದಲು ವೈದ್ಯರ ಪ್ರಮಾಣಪತ್ರ, ಅನಂತರ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ. ಯಜಮಾನನನ್ನು ಶಿಕ್ಷೆಗೆ ಗುರಿಮಾಡುವ ಅವಕಾಶವಿತ್ತು. ಆದರೆ ಆ ಕೂಲಿಗೆ ಬೇಕಾಗಿದ್ದುದು ಯಜಮಾನನ ಹಿಡಿತದಿಂದ ಬಿಡುಗಡೆ ಎಂದು ಅರಿತು, ಕರಾರನ್ನು ಬೇರೊಬ್ಬ ಯಜಮಾನನಿಗೆ ವರ್ಗಾಯಿಸಿಕೊಟ್ಟರು.

ರಾಜಿಯ ಜೊತೆಗೆ ಇನ್ನೊಂದು ನಿಯಮವನ್ನು ಅವರು ಬಿಡಲಿಲ್ಲ. ಸುಳ್ಳು ಮೊಕದ್ದಮೆ ತರಬೇಡಿ, ಸಾಕ್ಷಿಗಳಿಗೆ ಹೇಳಿಕೊಡುವ ಕೆಲಸವನ್ನು ನನ್ನಿಂದ ನಿರೀಕ್ಷಿಸಬೇಡಿ ಎಂದು ಕಕ್ಷಿದಾರರಿಗೆ ಮೊದಲೇ ಎಚ್ಚರಿಸುತ್ತಿದ್ದರು. ಲೆಕ್ಕಪತ್ರದ ಒಂದು ದೊಡ್ಡ ಮೊಕದ್ದಮೆಯಲ್ಲಿ ಮಧ್ಯಸ್ಥರ ತೀರ್ಪು ಅವರ ಕಕ್ಷಿದಾರನ ಪರವಾಗಿ ಬಂದಿತ್ತು. ಆದರೆ ಖರ್ಚಿನ ಕಡೆ ಬರಬೇಕಾದ ಒಂದು ಮೊತ್ತವನ್ನು ಮಧ್ಯಸ್ಥರು ಜಮೆಯ ಕಡೆ ಬರೆದಿದ್ದರು. ಅದನ್ನು ಒಪ್ಪಿಕೊಂಡರೆ ಇಡೀ ತೀರ್ಪೇ ರದ್ದಾದೀತು, ಬುದ್ಧಿಯಿರುವ ಯಾವ ವಕೀಲನೂ ಹಾಗೆ ಮಾಡಲಾರ ಎಂದರು ಹಿರಿಯ ವಕೀಲರು. ಕಕ್ಷಿದಾರ ಗಾಂಧೀಜಿಯವರ ಮಾತಿಗೆ ಒಪ್ಪಿದ. ಹಿರಿಯರು ಹಿಂದೆ ಸರಿದುದರಿಂದ ಇವರೇ ವಾದಿಸಬೇಕಾಯಿತು. ನ್ಯಾಯಾಧೀಶರು ಮೊದಲು ಇದೇನೋ ಕುಯುಕ್ತಿಯೆಂದು ಸಂಶಯಪಟ್ಟರು. ವಿವರ ಕೇಳಿದ ಮೇಲೆ, ತಪ್ಪನ್ನು ತಿದ್ದಿ ತೀರ್ಪನ್ನು ಉಳಿಸಿದರು.

ಪಾರ್ಸಿ ರುಸ್ತುಮ್‌ಜಿಯವರ ಪ್ರಸಂಗ ಇನ್ನೂ ಕಠಿಣ. ಅವರು ಗೆಳೆಯರು, ಹೋರಾಟದ ಸಂಗಾತಿ. ಸುಂಕ ತಪ್ಪಿಸಿ ಸರಕು ತರಿಸಿದ್ದು ಬಯಲಾದಾಗ ಅಳುತ್ತ ಬಂದರು. ಗಾಂಧೀಜಿಯವರು ಬಚ್ಚಿಡುವ ದಾರಿ ಹುಡುಕಲಿಲ್ಲ. ಅಧಿಕಾರಿಗಳ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳಿ, ದಂಡ ಹಾಕಿದರೆ ಕಟ್ಟಿ, ಜೈಲಿಗೆ ಹೋಗಬೇಕಾದರೆ ಅದಕ್ಕೂ ಸಿದ್ಧರಾಗಿ ಎಂದರು. ತಪ್ಪಿಸಿದ್ದಾಗಿ ಒಪ್ಪಿಕೊಂಡ ಮೊತ್ತದ ಎರಡರಷ್ಟನ್ನು ಕಟ್ಟಿಸಿಕೊಂಡು ಪ್ರಕರಣ ಮುಗಿಯಿತು. ರುಸ್ತುಮ್‌ಜಿ ನಡೆದುದನ್ನೆಲ್ಲ ಬರೆಸಿ, ಚೌಕಟ್ಟು ಹಾಕಿಸಿ, ತಮ್ಮ ಕಚೇರಿಯ ಗೋಡೆಗೆ ತೂಗುಹಾಕಿದರು.

1909ರಲ್ಲಿ ಬರೆದ ‘ಹಿಂದ್ ಸ್ವರಾಜ್’ನಲ್ಲಿ ಗಾಂಧೀಜಿಯವರು ವಕೀಲರನ್ನು ಕಟುವಾಗಿ ಟೀಕಿಸಿದ್ದಾರೆ. ವ್ಯಾಜ್ಯವನ್ನು ತಣಿಸುವ ಬದಲು ಬೆಳೆಸುತ್ತಾರೆ ಎಂಬುದು ಅವರ ಮುಖ್ಯ ಆರೋಪ. ಒಳ್ಳೆಯ ವಕೀಲರಿಗೆ ಅದು ಅನ್ಯಾಯವೆನಿಸಬಹುದು, ನನಗೂ ಆ ಮಾತು ಅತಿಯೆನಿಸುತ್ತದೆ. ಆದರೆ ಹಾಗೆ ಬರೆದವರು ಹೊರಗೆ ನಿಂತು ನೋಡಿದವರಲ್ಲ, ಆಗಲೂ ವಕೀಲಿಕೆಯ ಕಚೇರಿಯನ್ನು ಇಟ್ಟುಕೊಂಡಿದ್ದವರು. 1922ರ ಮಾರ್ಚಿನಲ್ಲಿ ರಾಜದ್ರೋಹದ ಆರೋಪದ ಮೇಲೆ ಅವರಿಗೆ ಆರು ವರ್ಷಗಳ ಸೆರೆವಾಸ ವಿಧಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಇನ್ನರ್ ಟೆಂಪಲ್ ತನ್ನ ಬ್ಯಾರಿಸ್ಟರುಗಳ ಪಟ್ಟಿಯಿಂದ ಅವರ ಹೆಸರನ್ನು ಹೊಡೆದುಹಾಕಿತು. ಅದನ್ನು ಮತ್ತೆ ಸೇರಿಸಿದ್ದು 1988ರಲ್ಲಿ, ಅವರು ತೀರಿಕೊಂಡು ನಲವತ್ತು ವರ್ಷಗಳಾದ ಮೇಲೆ.